ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೂ ಎಫ್‌ಪಿಎಸ್ ಯಾಕೆ ಏರ್ತಿಲ್ಲ?

ಪ್ರಶ್ನೆ: ಸರ್, ನಂದು ರೈಜನ್ 5 2600, ಬಿ450 ಬೋರ್ಡ್, 16 ಜಿಬಿ ರ‍್ಯಾಮ್ ಒಂದೇ ಸ್ಟಿಕ್. ಹಳೇ ಜಿಟಿಎಕ್ಸ್ 1050 ಟಿಐ ತೆಗೆದು ಆರ್‌ಟಿಎಕ್ಸ್ 4060 ಹಾಕಿಸ್ದೆ. ಮಾನಿಟರ್ 1080ಪಿ, 144 ಹರ್ಟ್ಸ್. ವ್ಯಾಲರಂಟ್ ಗೇಮ್‌ನಲ್ಲಿ ಹೆಚ್ಚುಕಮ್ಮಿ ಮೊದಲಿನಷ್ಟೇ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು), ಸೈಬರ್‌ಪಂಕ್‌ನಲ್ಲಿ ಸಿಟಿ ಒಳಗೆ ಹೋದ್ರೆ ಜರ್ಕ್ ಹೊಡೀತಿದೆ. ಆದ್ರೆ ಟಾಸ್ಕ್ ಮ್ಯಾನೇಜರ್ ಸಿಪಿಯು ಬರೀ 45% ತೋರಿಸ್ತಿದೆ. ಕಾರ್ಡೇ ಡಿಫೆಕ್ಟ್ ಇರ್ಬೋದಾ?

ಕಾರ್ಡ್ ಬಿಚ್ಚಿ ಅಂಗಡಿಗೆ ಓಡ್ಬೇಡಿ, ಅದು ಚೆನ್ನಾಗೇ ಇರೋ ಸಾಧ್ಯತೆ ಜಾಸ್ತಿ. ನಿಮ್ಮನ್ನ ದಾರಿ ತಪ್ಪಿಸ್ತಿರೋದು ಆ 45% ಅನ್ನೋ ನಂಬರ್.

ಅದು ಎಲ್ಲಾ ಥ್ರೆಡ್‌ಗಳ (ಸಿಪಿಯು ಒಟ್ಟೊಟ್ಟಿಗೆ ನಡೆಸೋ ಕೆಲಸದ ಸಾಲುಗಳ) ಸರಾಸರಿ. ನಿಮ್ ಸಿಪಿಯುನಲ್ಲಿ 6 ಕೋರ್, 12 ಥ್ರೆಡ್ ಇದೆ, ಅದ್ರಲ್ಲಿ ಒಂದು ಪೂರ್ತಿ ಫುಲ್ ಆದ್ರೂ ಟೋಟಲ್‌ಗೆ ಸೇರೋದು 8 ಪರ್ಸೆಂಟ್ ಚಿಲ್ರೆ ಮಾತ್ರ. ಆದ್ರೆ ಗೇಮ್‌ನ ಮುಖ್ಯ ಕೆಲಸ ಎಷ್ಟೋ ಸಲ ಒಂದೆರಡು ಥ್ರೆಡ್ ಮೇಲೇ ಬೀಳತ್ತೆ. ಮದ್ವೆ ಮನೇಲಿ ಬಡಿಸೋಕೆ ಹನ್ನೆರಡು ಜನ ನಿಂತಿದ್ರೂ ಸಾರಿನ ಬಕೆಟ್ ಒಬ್ಬನ ಕೈಲೇ ಇದ್ರೆ ಪಂಕ್ತಿ ಅವನ ಸ್ಪೀಡಲ್ಲೇ ಮುಂದೆ ಹೋಗೋದು, ಇಲ್ಲೂ ಅಷ್ಟೇ. 144 ಎಫ್‌ಪಿಎಸ್ ಬೇಕಂದ್ರೆ ಸಿಪಿಯು ಒಂದೊಂದು ಫ್ರೇಮ್‌ನೂ ಸುಮಾರು 7 ಮಿಲಿಸೆಕೆಂಡ್ ಒಳಗೆ ರೆಡಿ ಮಾಡಿ ಕಾರ್ಡ್‌ಗೆ ಕೊಡ್ಬೇಕು, ಕೊಡೋಕಾಗ್ಲಿಲ್ಲ ಅಂದ್ರೆ ಎಷ್ಟು ದುಡ್ಡಿನ ಕಾರ್ಡ್ ಇದ್ರೂ ಕಾಯ್ತಾ ಕೂರತ್ತೆ.

ಹಾಗಾಗಿ ನೋಡ್ಬೇಕಾಗಿರೋದು ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಯೂಸೇಜ್. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಜೊತೆಗೆ ಬರೋ ರಿವಾಟ್ಯೂನರ್ ಕೂಡ, ಆಮೇಲೆ ಮಾನಿಟರಿಂಗ್ ಟ್ಯಾಬಲ್ಲಿ ಜಿಪಿಯು ಯೂಸೇಜ್, ಟೆಂಪರೇಚರ್, ವಿಡಿಯೋ ಮೆಮೊರಿ, ಫ್ರೇಮ್‌ರೇಟ್ ಇಷ್ಟನ್ನ ಸ್ಕ್ರೀನ್ ಮೇಲೆ ಕಾಣೋ ಹಾಗೆ ಟಿಕ್ ಮಾಡಿ, ಸೈಬರ್‌ಪಂಕ್‌ನಲ್ಲಿ ಜನ ತುಂಬಿರೋ ಮಾರ್ಕೆಟ್ ಕಡೆ ಓಡಾಡಿ. ಯೂಸೇಜ್ 95ರ ಮೇಲೇ ಇದ್ರೆ ಕಾರ್ಡ್ ಪೂರ್ತಿ ದುಡೀತಿದೆ, ಸರಿ ಇದೆ. 55, 60, 70 ಅಂತ ಕುಣೀತಿದ್ರೆ ಬೇರೆ ಯಾರೋ ಅದನ್ನ ಕಾಯಿಸ್ತಿದ್ದಾರೆ ಅಂತ.

ಅದು ಸಿಪಿಯು ಕಡೆಯವ್ರೇನಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಅದೇ ಜಾಗದಲ್ಲಿ ನಿಂತು ರೆಸಲ್ಯೂಶನ್ 720ಪಿಗೆ ಇಳ್ಸಿ. ಎಫ್‌ಪಿಎಸ್ ಧಡಕ್ಕಂತ ಏರಿದ್ರೆ ಲಿಮಿಟ್ ಕಾರ್ಡ್‌ದು, ಇದ್ದಲ್ಲೇ ಇದ್ರೆ ಸಿಪಿಯು ಇಲ್ಲಾ ರ‍್ಯಾಮ್‌ದು. ನನಗೆ ಎಲ್ಲಕ್ಕಿಂತ ನಂಬಿಕೆ ಇರೋದು ಈ ಟೆಸ್ಟ್ ಮೇಲೆ. ಅದಕ್ಕೆ ಮುಂಚೆ ವಿ-ಸಿಂಕ್ (ಎಫ್‌ಪಿಎಸ್‌ನ ಮಾನಿಟರ್ ರಿಫ್ರೆಶ್ ರೇಟ್‌ಗೆ ಕಟ್ಟಿಹಾಕೋ ಸೆಟ್ಟಿಂಗ್), ಫ್ರೇಮ್ ಲಿಮಿಟ್ ಎರಡೂ ಆಫ್ ಇದೆಯಾ ನೋಡಿ. ಎಫ್‌ಪಿಎಸ್ ಕರೆಕ್ಟಾಗಿ 60ಕ್ಕೇ ಅಂಟ್ಕೊಂಡಿದ್ರೆ ಹೆಚ್ಚಾಗಿ ಅದೇ ಕಾರಣ. ವಿಂಡೋಸ್ ಡಿಸ್ಪ್ಲೇ ಸೆಟ್ಟಿಂಗ್ಸಲ್ಲಿ ರಿಫ್ರೆಶ್ ರೇಟ್ 144 ಇದೆಯಾ ಅಂತಾನೂ ನೋಡ್ಬಿಡಿ, ಕಾರ್ಡ್ ಬದಲಾಯ್ಸಿದಾಗ ಒಂದೊಂದ್ಸಲ 60ಕ್ಕೆ ವಾಪಸ್ ಹೋಗಿರತ್ತೆ.

ಈಗ ರ‍್ಯಾಮ್. ನಿಮ್ ಕೇಸಲ್ಲಿ ನನಗೆ ಮೊದ್ಲು ಅನುಮಾನ ಬಂದಿದ್ದೇ ಇದ್ರ ಮೇಲೆ, ಯಾಕಂದ್ರೆ ಒಂದೇ ಸ್ಟಿಕ್ ಅಂದ್ರೆ ಸಿಂಗಲ್ ಚಾನಲ್, ಮೆಮೊರಿಯಿಂದ ಸಿಪಿಯುಗೆ ಡೇಟಾ ಬರೋ ದಾರಿ ಅರ್ಧಕ್ಕರ್ಧ ಕಿರಿದಾಗತ್ತೆ, ಮತ್ತೆ ಈ ಹಳೇ ರೈಜನ್‌ಗಳಿಗೆ ರ‍್ಯಾಮ್ ಸ್ಪೀಡ್ ತುಂಬಾ ಮುಖ್ಯ. ಟಾಸ್ಕ್ ಮ್ಯಾನೇಜರಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ಒತ್ತಿ ಸ್ಪೀಡ್ ಎಷ್ಟಿದೆ ನೋಡಿ. 3200ರ ರ‍್ಯಾಮ್ ತಗೊಂಡು ಅಲ್ಲಿ 2133 ಇಲ್ಲಾ 2400 ಕಾಣ್ತಿದ್ರೆ ಬಯಾಸಲ್ಲಿ (ಬೋರ್ಡಿನ ಸ್ವಂತ ಸೆಟ್ಟಿಂಗ್ಸಲ್ಲಿ) ಎಕ್ಸ್‌ಎಂಪಿ, ಅಂದ್ರೆ ರ‍್ಯಾಮ್‌ನ ಅದರ ಪೂರ್ತಿ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗ್, ಆನ್ ಆಗಿಲ್ಲ. ಕೆಲವು ಬೋರ್ಡಲ್ಲಿ ಅದಕ್ಕೆ ಡಿಒಸಿಪಿ ಅಂತಾರೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆಮೇಲೆ ಅದೇ ಥರದ್ದು ಇನ್ನೊಂದು ಸ್ಟಿಕ್ ತಗೊಳ್ಳಿ, ನಾಲ್ಕು ಸ್ಲಾಟ್ ಇರೋ ಬೋರ್ಡಾದ್ರೆ ಸಿಪಿಯು ಕಡೆಯಿಂದ ಎಣಿಸಿ ಎರಡ್ನೇದು, ನಾಲ್ಕ್ನೇದಕ್ಕೆ ಹಾಕಿ.

ಜರ್ಕ್‌ಗೆ ಇನ್ನೊಂದು ಕಾರಣ ವಿಡಿಯೋ ಮೆಮೊರಿ. 4060ರಲ್ಲಿ ಇರೋದು 8 ಜಿಬಿ, ಅದು ತುಂಬಿ ತುಳುಕ್ತಿದ್ರೆ ಟೆಕ್ಸ್ಚರ್ ಒಂದು ಮೆಟ್ಟಿಲು ಇಳ್ಸಿ ನೋಡಿ. ಸಿಪಿಯು 90 ಡಿಗ್ರಿ ದಾಟ್ತಿದ್ರೆ ಕೂಲರ್ ಧೂಳು ತೆಗ್ದು ಪೇಸ್ಟ್ ಬದಲಾಯ್ಸಿ. ಬಿ450ದು ಪಿಸಿಐಇ 3.0 (ಕಾರ್ಡ್ ಕೂರೋ ಸ್ಲಾಟಿನ ಹಳೇ ಆವೃತ್ತಿ) ಅಂತ ಕೆಲವ್ರು ಹೆದರಿಸ್ತಾರೆ, 4060ಗೆ ಅದ್ರಿಂದ ಆಗೋ ನಷ್ಟ ಸಾಮಾನ್ಯವಾಗಿ ಚಿಕ್ಕದು, ಅದಕ್ಕೋಸ್ಕರ ಬೋರ್ಡ್ ಬದಲಾಯಿಸ್ಬೇಡಿ.

ಇಷ್ಟೆಲ್ಲಾ ಮಾಡಿದ್ಮೇಲೂ ಯೂಸೇಜ್ ಏರ್ತಿಲ್ಲ ಅಂದ್ರೆ ಸಿಪಿಯುನೇ. ಆಗ ಗ್ರಾಫಿಕ್ಸ್ ಲೋಗೆ ಇಳ್ಸಿ ಹೆಚ್ಚು ಪ್ರಯೋಜನ ಇಲ್ಲ, ಸೈಬರ್‌ಪಂಕ್‌ನಲ್ಲಿ ಕ್ರೌಡ್ ಡೆನ್ಸಿಟಿ ಕಮ್ಮಿ ಮಾಡಿ, ರೇ ಟ್ರೇಸಿಂಗ್ (ಬೆಳಕು, ನೆರಳನ್ನ ನಿಜದ ಥರ ತೋರಿಸೋ ಸೆಟ್ಟಿಂಗ್) ಆಫ್ ಮಾಡಿ, ಅದು ಸಿಪಿಯು ಮೇಲೂ ಭಾರ ಹಾಕತ್ತೆ. ದುಡ್ಡು ಹಾಕೋ ಮನಸ್ಸಿದ್ರೆ ಹೊಸ ಬೋರ್ಡ್ ಬೇಕಾಗಿಲ್ಲ, ರೈಜನ್ 5 5600, ಸಿಕ್ರೆ 5700ಎಕ್ಸ್3ಡಿ, ಇದೇ ಬಿ450 ಮೇಲೇ ಕೂರತ್ತೆ. ಆದ್ರೆ ಬೋರ್ಡ್ ಕಂಪನಿಯ ಸಪೋರ್ಟ್ ಲಿಸ್ಟ್ ನೋಡ್ಕೊಂಡು ಬಯಾಸ್ ಅಪ್ಡೇಟ್‌ನ 2600 ಕೂತಿರುವಾಗ್ಲೇ ಮುಗಿಸ್ಬಿಡಿ, ಹಳೇ ಬಯಾಸಲ್ಲಿ ಹೊಸ ಸಿಪಿಯು ಹಾಕಿದ್ರೆ ಡಿಸ್ಪ್ಲೇನೇ ಬರಲ್ಲ.