ತಂತಿಯಿಲ್ಲದ ಬೈರಿಗೆಯ ಆಯ್ಕೆ

ಬಡಗಿಯ ಚೀಲದಲ್ಲಿ ಒಂದು ಕಾಲಕ್ಕೆ ತಪ್ಪದೆ ಇರುತ್ತಿದ್ದ ಬೈರಿಗೆಯ ಮೇಲೆ ಓದಬೇಕಾದ ಅಂಕಿಗಳೇ ಇರಲಿಲ್ಲ. ಒಂದು ಕೈ ಮೇಲಿನ ಹಿಡಿಯನ್ನು ಒತ್ತಿ ಹಿಡಿದರೆ ಇನ್ನೊಂದು ಕೈ ಹಗ್ಗ ಸುತ್ತಿದ ಕಮಾನನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿತ್ತು. ಮರ ಗಟ್ಟಿಯಾದರೆ ಎಳೆತ ನಿಧಾನವಾಗುತ್ತಿತ್ತು, ತೂತು ಆಚೆ ಬದಿಗೆ ಮುಟ್ಟುವ ಹೊತ್ತಿಗೆ ಒತ್ತುವ ಕೈ ತಾನಾಗಿಯೇ ಹಗುರಾಗುತ್ತಿತ್ತು. ಇಂದು ಅಂಗಡಿಯಲ್ಲಿ ಕಾರ್ಡ್‌ಲೆಸ್ ಡ್ರಿಲ್ ಕೇಳಿದವರ ಮುಂದೆ ವೋಲ್ಟ್, ಆಂಪಿಯರ್-ಅವರ್, ನ್ಯೂಟನ್-ಮೀಟರ್ ಎಂದು ಅಂಕಿಗಳ ಸಾಲೇ ಬಂದು ನಿಲ್ಲುತ್ತದೆ. ಈ ಅಂಕಿಗಳು ಸುಳ್ಳಲ್ಲ. ದೊಡ್ಡ ಅಂಕಿಯದನ್ನು ಕೊಂಡರೆ ಒಳ್ಳೆಯ ಯಂತ್ರ ಕೊಂಡಂತೆ ಎಂಬ ಎಣಿಕೆ ಮಾತ್ರ ತಪ್ಪು. ಯಾವ ಗೋಡೆ, ಯಾವ ಮರ, ಎಷ್ಟು ದಪ್ಪದ ತೂತು ಎಂಬುದು ಮೊದಲು ತೀರ್ಮಾನವಾದರೆ ಆ ಅಂಕಿಗಳಿಗೆ ಅರ್ಥ ಬರುತ್ತದೆ.

ಪಿಸ್ತೂಲಿನಂಥ ಹಿಡಿ ಮತ್ತು ಬೆರಳಿನಿಂದ ಒತ್ತುವ ಸ್ವಿಚ್ ಇರುವ ವಿದ್ಯುತ್ ಡ್ರಿಲ್ಲಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1917ರಲ್ಲಿ ಪೇಟೆಂಟ್ ಪಡೆಯಿತು. ತಂತಿಯಿಲ್ಲದ ಮೊದಲ ಡ್ರಿಲ್ಲನ್ನು ಅದೇ ಕಂಪನಿ 1961ರಲ್ಲಿ ಮಾರುಕಟ್ಟೆಗೆ ತಂದಿತು. ಆಗಿನ ಬ್ಯಾಟರಿ ನಿಕಲ್-ಕ್ಯಾಡ್ಮಿಯಮ್‌ನದು. ಅದರ ಒಂದು ಸೆಲ್ ಕೊಡುವುದು 1.2 ವೋಲ್ಟ್ ಮಾತ್ರವಾದ್ದರಿಂದ, ಹೇಳಿಕೊಳ್ಳುವಷ್ಟು ಶಕ್ತಿ ಬೇಕೆಂದರೆ ಹಲವಾರು ಸೆಲ್‌ಗಳ ಭಾರವನ್ನು ಕೈ ಹೊರಬೇಕಿತ್ತು. 1991ರಲ್ಲಿ ಸೋನಿ ಕಂಪನಿ ಮಾರಾಟಕ್ಕೆ ತಂದ ಲಿಥಿಯಂ-ಅಯಾನ್ ಸೆಲ್ ಮೊದಲು ಸಣ್ಣ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಸೇರಿ, ಮುಂದಿನ ಶತಮಾನದ ಮೊದಲ ದಶಕದಲ್ಲಿ ಡ್ರಿಲ್‌ಗಳಿಗೂ ಬಂತು. ಇದರ ಒಂದೊಂದು ಸೆಲ್ಲಿನ ಸರಾಸರಿ ವೋಲ್ಟೇಜ್ ಸುಮಾರು 3.6. ಮೂರು ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 10.8, ಐದನ್ನು ಜೋಡಿಸಿದರೆ 18 ವೋಲ್ಟ್. ಪೂರ್ತಿ ಚಾರ್ಜ್ ಆಗಿ ಕೆಲಸವಿಲ್ಲದೆ ಕುಳಿತ ಸೆಲ್ 4 ವೋಲ್ಟಿಗಿಂತ ತುಸು ಹೆಚ್ಚು ತೋರಿಸುತ್ತದೆ. ಆ ಲೆಕ್ಕ ಹಿಡಿದು ಕೆಲವರು 10.8ರ ಯಂತ್ರವನ್ನು 12 ಎಂದೂ 18ರದನ್ನು 20 ಎಂದೂ ಮಾರುತ್ತಾರೆ. ಹಾಗಾಗಿ 18 ಮತ್ತು 20ರ ನಡುವೆ ಯಾವುದು ಬಲಶಾಲಿ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಡಬ್ಬದೊಳಗೆ ಇರುವುದು ಅವೇ ಐದು ಸೆಲ್‌ಗಳು.

ವೋಲ್ಟೇಜ್ ಹೆಚ್ಚಾದರೆ ನಿಜವಾಗಿ ಸಿಗುವ ಲಾಭವೇನು ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಮೋಟಾರು 300 ವಾಟ್ ಕೇಳಿತು ಎನ್ನೋಣ. 18 ವೋಲ್ಟಿನ ಬ್ಯಾಟರಿಯಿಂದ ಸುಮಾರು 17 ಆಂಪಿಯರ್ ಹರಿದರೆ ಸಾಕು, 10.8 ವೋಲ್ಟಿನದರಿಂದ ಸುಮಾರು 28 ಆಂಪಿಯರ್ ಹರಿಯಬೇಕು. ವಿದ್ಯುತ್ ಹರಿವಿನಿಂದ ಹುಟ್ಟುವ ಶಾಖ ಹರಿವಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಒಂದೇ ಬಗೆಯ ಸೆಲ್ ಬಳಸಿದರೆ ಚಿಕ್ಕ ಬ್ಯಾಟರಿಯ ಪ್ರತಿಯೊಂದು ಸೆಲ್ ಸುಮಾರು 2.8 ಪಟ್ಟು ಹೆಚ್ಚು ಕಾಯುತ್ತದೆ. ದಿನವಿಡೀ ಡ್ರಿಲ್ ಓಡುವ ಕಾರ್ಯಾಗಾರಕ್ಕೆ ಇದು ದೊಡ್ಡ ವ್ಯತ್ಯಾಸ. ತಿಂಗಳಿಗೊಮ್ಮೆ ಕಪಾಟಿನ ಕೀಲು ಬಿಗಿಮಾಡುವ, ಫೋಟೋ ತೂಗುಹಾಕುವ ಮನೆಗೆ ಇದು ಲೆಕ್ಕಕ್ಕೆ ಬರುವುದೇ ಇಲ್ಲ. ಅಲ್ಲಿ ಬ್ಯಾಟರಿ ಸೇರಿ ಸುಮಾರು 1 ಕಿಲೋ ತೂಗುವ 12 ವೋಲ್ಟಿನ ಯಂತ್ರ ಅಡುಗೆಮನೆಯ ಕಪಾಟಿನ ಒಳಮೂಲೆಗೂ ತಲೆ ತೂರಿಸಬಲ್ಲದು ಎಂಬುದೇ ಹೆಚ್ಚಿನ ಗುಣ. ಮನೆಯ ಮೊದಲ ಡ್ರಿಲ್ ಯಾವುದಿರಲಿ ಎಂದು ಕೇಳಿದವರಿಗೆ ನಾನು ಹೇಳುವುದು ಇದನ್ನೇ.

ಟಾರ್ಕ್ ಎಂಬ ತಿರುಚುಬಲದ ಅಂಕಿಯನ್ನು ಇನ್ನೂ ಎಚ್ಚರದಿಂದ ಓದಬೇಕು. ಮೋಟಾರಿನ ಶಕ್ತಿ ಎಂದರೆ ತಿರುಚುಬಲ ಮತ್ತು ತಿರುಗುವ ವೇಗಗಳ ಗುಣಲಬ್ಧ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಇಳಿಯಲೇಬೇಕು. 300 ವಾಟ್ ಪೂರ್ತಿಯಾಗಿ ಬಿಟ್ಟಿಗೆ, ಅಂದರೆ ತೂತು ಕೊರೆಯುವ ಕಡ್ಡಿಗೆ, ಮುಟ್ಟಿತೆಂದು ಭಾವಿಸಿದರೂ, ನಿಮಿಷಕ್ಕೆ 400 ಸುತ್ತಿನಲ್ಲಿ ಸಿಗುವುದು ಸುಮಾರು 7 ನ್ಯೂಟನ್-ಮೀಟರ್, 1500 ಸುತ್ತಿನಲ್ಲಿ 2ಕ್ಕೂ ಕಡಿಮೆ. ಹಾಗಾದರೆ ಡಬ್ಬದ ಮೇಲಿರುವ 30 ಎಂಬ ಅಂಕಿ ಎಲ್ಲಿಂದ ಬಂತು? ಬಿಟ್ ಸಿಕ್ಕಿಕೊಂಡು ಮೋಟಾರು ಇನ್ನೇನು ನಿಲ್ಲಬೇಕು ಎನ್ನುವ ಕ್ಷಣದಲ್ಲಿ ಹುಟ್ಟುವ ಗರಿಷ್ಠ ಬಲ ಅದು. ಆ ಕ್ಷಣದಲ್ಲಿ ಅಷ್ಟೇ ಬಲ ತಿರುಗಿ ನಮ್ಮ ಮಣಿಕಟ್ಟಿನ ಮೇಲೆ ಬೀಳುತ್ತದೆ ಎಂಬುದನ್ನು ಡಬ್ಬ ಹೇಳುವುದಿಲ್ಲ. ತಿರುಗುವ ಅಕ್ಷದಿಂದ 15 ಸೆಂಟಿಮೀಟರ್ ಕೆಳಗೆ ಹಿಡಿಯನ್ನು ಹಿಡಿದವರಿಗೆ 30 ನ್ಯೂಟನ್-ಮೀಟರ್ ಎಂದರೆ 200 ನ್ಯೂಟನ್, ಅಂದರೆ 20 ಕಿಲೋ ಭಾರ ಒಮ್ಮೆಲೇ ಕೈಯನ್ನು ಪಕ್ಕಕ್ಕೆ ಜಗ್ಗಿದಂತೆ. ಏಣಿಯ ಮೇಲೆ ನಿಂತವರ ವಿಷಯದಲ್ಲಿ ಇದು ಆಟವಲ್ಲ.

ತಿರುಚುಬಲ ಹೆಚ್ಚಿದರೆ ವೇಗ ಇಳಿಯುವ ಕಾರಣಕ್ಕೇ ಎರಡು ಗೇರ್ ಇರುವ ಯಂತ್ರವನ್ನೇ ಆರಿಸಬೇಕು. ನಿಧಾನವಾಗಿ ತಿರುಗುವ ಮೊದಲ ಗೇರ್ ಸ್ಕ್ರೂ ತಿರುಗಿಸಲು ಮತ್ತು ದಪ್ಪ ಬಿಟ್ಟಿಗೆ, ವೇಗದ ಎರಡನೆಯದು ಸಣ್ಣ ತೂತಿಗೆ. ಕಬ್ಬಿಣದ ತಗಡಿನಲ್ಲಿ ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ಸಾಗುವಂತಿದ್ದರೆ ಕೊರೆತ ಹದವಾಗಿರುತ್ತದೆ. ಆ ಲೆಕ್ಕದಲ್ಲಿ 6 ಮಿಲಿಮೀಟರ್ ಬಿಟ್ಟಿಗೆ ನಿಮಿಷಕ್ಕೆ ಸುಮಾರು 1300 ಸುತ್ತು ಬೇಕು, 10 ಮಿಲಿಮೀಟರಿನದಕ್ಕೆ 800 ಸಾಕು. ಅದಕ್ಕಿಂತ ಬಹಳ ವೇಗವಾಗಿ ಓಡಿಸಿದರೆ ಬಿಟ್ಟಿನ ಬಾಯಿ ಕಾಯ್ದು ನೀಲಿಗಟ್ಟಿ ಮೊಂಡಾಗುತ್ತದೆ.

ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕಿನ ಹಿಂದೆ ಅಂಕಿಗಳಿರುವ ಉಂಗುರವನ್ನು ಅನೇಕರು ವರ್ಷಗಟ್ಟಲೆ ಮುಟ್ಟುವುದೇ ಇಲ್ಲ. ಅದು ಕ್ಲಚ್. ಉಂಗುರವನ್ನು ತಿರುಗಿಸಿದಂತೆ ಒಳಗಿನ ಸ್ಪ್ರಿಂಗ್ ಬಿಗಿಯಾಗಿ, ಗೊತ್ತುಪಡಿಸಿದ ತಿರುಚುಬಲ ಮೀರಿದ ಕೂಡಲೇ ಒಳಗಿನ ಗುಂಡುಗಳು ತಮ್ಮ ಗುಳಿಯಿಂದ ಜಾರಿ ಟರ್ರೆಂದು ಸದ್ದು ಮಾಡುತ್ತವೆ, ಬಿಟ್ ನಿಲ್ಲುತ್ತದೆ. ಪ್ಲೈವುಡ್ಡಿಗೆ ಸ್ಕ್ರೂ ಹಾಕುವಾಗ ಕೆಳಗಿನ ಅಂಕಿಯಿಂದ ಶುರುಮಾಡಿ, ಸ್ಕ್ರೂವಿನ ತಲೆ ಹಲಗೆಗೆ ಸಮನಾಗಿ ಕೂರುವವರೆಗೆ ಒಂದೊಂದೇ ಅಂಕಿ ಏರಿಸಿದರೆ, ಆಮೇಲಿನ ನೂರು ಸ್ಕ್ರೂಗಳೂ ಅದೇ ಆಳಕ್ಕೆ ಕೂರುತ್ತವೆ. ಬೈರಿಗೆ ಹಿಡಿದ ಕೈಗೆ ಅಭ್ಯಾಸದಿಂದ ಬರುತ್ತಿದ್ದ ಹದವನ್ನು ಈ ಪುಟ್ಟ ಭಾಗ ಯಂತ್ರಕ್ಕೆ ಕೊಟ್ಟಿದೆ, ಆದ್ದರಿಂದ ನನ್ನ ಮಟ್ಟಿಗೆ ಇಡೀ ಡ್ರಿಲ್ಲಿನಲ್ಲಿ ಇದಕ್ಕಿಂತ ಜಾಣ ಭಾಗ ಇನ್ನೊಂದಿಲ್ಲ. ತೇಗ, ಹಲಸಿನಂಥ ಮರಕ್ಕೆ ಮಾತ್ರ ಕ್ಲಚ್ಚನ್ನು ನಂಬಿ ನೇರವಾಗಿ ಸ್ಕ್ರೂ ಹಾಕಬಾರದು. ಸ್ಕ್ರೂವಿನ ನಡುದಿಂಡಿನಷ್ಟು ದಪ್ಪದ ತೂತನ್ನು ಮೊದಲೇ ಕೊರೆದುಕೊಂಡರೆ ಮರವೂ ಸೀಳುವುದಿಲ್ಲ, ಸ್ಕ್ರೂವಿನ ಕತ್ತೂ ಮುರಿಯುವುದಿಲ್ಲ.

ಇನ್ನು ಗೋಡೆಯ ವಿಷಯ. ಹ್ಯಾಮರ್ ಗುರುತಿರುವ ಕಾರ್ಡ್‌ಲೆಸ್ ಡ್ರಿಲ್ ಕೊಂಡರೆ ಯಾವ ಗೋಡೆಯನ್ನಾದರೂ ಕೊರೆಯಬಹುದೆಂದು ನಾನೂ ನಂಬಿದ್ದೆ. ಪರದೆಯ ಕೊಳವೆ ಕೂರಿಸಲು ಕಿಟಕಿಯ ಮೇಲೆ ತೂತು ಹಾಕಹೋದಾಗ ಹತ್ತು ನಿಮಿಷವಾದರೂ ಬಿಟ್ ಬೆರಳಿನ ಉಗುರಿನಷ್ಟು ಆಳಕ್ಕೂ ಇಳಿಯಲಿಲ್ಲ, ಮೋಟಾರಿನಿಂದ ಸುಟ್ಟ ವಾಸನೆ ಬಂತು. ಕಿಟಕಿಯ ಮೇಲಿರುವುದು ಇಟ್ಟಿಗೆಯಲ್ಲ, ಸರಳು ಹಾಕಿದ ಕಾಂಕ್ರೀಟಿನ ಲಿಂಟಲ್ ಎಂಬುದು ನನಗೆ ಹೊಳೆದಿರಲಿಲ್ಲ. ಇಂಥ ಡ್ರಿಲ್ಲಿನ ಒಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ನಿಮಿಷಕ್ಕೆ ಸಾವಿರಾರು ಸಣ್ಣ ಕುಟ್ಟುಗಳನ್ನು ಕೊಡುತ್ತವೆ. ಆ ಕುಟ್ಟಿನ ಬಲ ನಾವು ಎಷ್ಟು ಒತ್ತುತ್ತೇವೆ ಎಂಬುದನ್ನೇ ಅವಲಂಬಿಸಿದೆ. ಇಟ್ಟಿಗೆಗೆ ಅಷ್ಟು ಸಾಕು. ಕಾಂಕ್ರೀಟಿಗೆ ಬೇಕಾದುದು ರೋಟರಿ ಹ್ಯಾಮರ್: ಅದರಲ್ಲಿ ಪಿಸ್ಟನ್ ಒಂದು ಗಾಳಿಯನ್ನು ಒತ್ತಿ, ಆ ಗಾಳಿ ಒಂದು ಗುಂಡನ್ನು ಬಿಟ್ಟಿನ ಬೆನ್ನಿಗೆ ಅಪ್ಪಳಿಸುವುದರಿಂದ ಕೈಯ ಒತ್ತಡದ ಹಂಗಿಲ್ಲ. ಕರಾವಳಿಯ ಕೆಂಪುಕಲ್ಲಿನ ಗೋಡೆಗಳ ಕತೆ ಇದಕ್ಕೆ ವಿರುದ್ಧ. ಆ ಕಲ್ಲು ಮೃದು, ಒಳಗೆ ಟೊಳ್ಳುಗಳೂ ಉಂಟು. ಕುಟ್ಟಿದರೆ ತೂತಿನ ಬಾಯಿ ಉದುರಿ, ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಗ್ ಸಡಿಲವಾಗುತ್ತದೆ, ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಬಿಟ್ಟನ್ನು ಸುಮ್ಮನೆ ತಿರುಗಿಸಿದರೆ ತೂತು ಅಚ್ಚುಕಟ್ಟಾಗಿ ಬರುತ್ತದೆ. ವರ್ಷಕ್ಕೆ ಎರಡು ಬಾರಿ ಕಾಂಕ್ರೀಟ್ ಕೊರೆಯಲಿಕ್ಕಿದ್ದರೆ ಆ ದಿನಕ್ಕೆ ತಂತಿಯ ರೋಟರಿ ಹ್ಯಾಮರನ್ನು ಬಾಡಿಗೆಗೆ ತರುವುದೇ ಮೇಲು.

ಬ್ರಷ್‌ಲೆಸ್ ಮೋಟಾರಿಗೆ ಹೆಚ್ಚು ಹಣ ಕೊಡಬೇಕೇ? ಹಳೆಯ ಬಗೆಯಲ್ಲಿ ತಿರುಗುವ ಭಾಗದ ಸುರುಳಿಗಳಿಗೆ ಕಾರ್ಬನ್ ತುಂಡುಗಳು ಉಜ್ಜಿಕೊಂಡೇ ವಿದ್ಯುತ್ ಮುಟ್ಟಿಸುತ್ತವೆ. ಕಿಡಿ, ಘರ್ಷಣೆ, ಸವೆತ ಅದರ ಬೆನ್ನಿಗೇ ಬರುತ್ತವೆ. ಬ್ರಷ್‌ಲೆಸ್‌ನಲ್ಲಿ ತಿರುಗುವುದು ಅಯಸ್ಕಾಂತ, ಸುರುಳಿಗಳು ಹೊರಗೆ ಸ್ಥಿರವಾಗಿರುತ್ತವೆ, ಯಾವಾಗ ಯಾವ ಸುರುಳಿಗೆ ವಿದ್ಯುತ್ ಹರಿಸಬೇಕೆಂಬುದನ್ನು ಎಲೆಕ್ಟ್ರಾನಿಕ್ ಮಂಡಲ ನಿರ್ಧರಿಸುತ್ತದೆ. ಅದೇ ಬ್ಯಾಟರಿಯಲ್ಲಿ ಹೆಚ್ಚು ತೂತು, ಅದೇ ಶಕ್ತಿಗೆ ಗಿಡ್ಡ ಮೂತಿ. ಕಾರ್ಯಾಗಾರದವರು ಖಂಡಿತ ಕೊಡಲಿ. ಮನೆಯವರು ಆ ಹಣದಲ್ಲಿ ಎರಡನೆಯ ಬ್ಯಾಟರಿಯನ್ನೂ ಒಳ್ಳೆಯ ಬಿಟ್‌ಗಳನ್ನೂ ಕೊಂಡರೆ ಹೆಚ್ಚು ಪ್ರಯೋಜನ.

ಬ್ಯಾಟರಿಗೆ ಬಿಸಿಯೇ ಮುಖ್ಯ ಶತ್ರು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟ ಬ್ಯಾಟರಿ ಬೇಗ ಮುಪ್ಪಾಗುತ್ತದೆ; ಕೆಲಸ ಮುಗಿಸಿ ಬಿಸಿಯಾಗಿರುವಾಗಲೇ ಚಾರ್ಜಿಗೆ ಹಾಕದೆ ತಣಿಯಲು ಬಿಡಬೇಕು. ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಅರ್ಧದಷ್ಟು ಚಾರ್ಜ್ ಉಳಿಸಿ ತಂಪಾದ ಜಾಗದಲ್ಲಿಡುವುದು ಒಳ್ಳೆಯದು. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲವಾದ್ದರಿಂದ, ಮುಂದೆ ಗರಗಸವನ್ನೋ ಗ್ರೈಂಡರನ್ನೋ ಕೊಳ್ಳುವ ಯೋಚನೆಯಿದ್ದವರು ಡ್ರಿಲ್ ಕೊಳ್ಳುವ ದಿನವೇ ಆ ಕಂಪನಿಯ ಉಳಿದ ಯಂತ್ರಗಳನ್ನೂ ನೋಡಿಕೊಳ್ಳಬೇಕು.

ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಯಂತ್ರವನ್ನು ಕೈಗೆ ಕೊಟ್ಟು ತೋರಿಸುವ ಅಂಗಡಿಗಳಿವೆ. ಅಲ್ಲಿ ಉದ್ದನೆಯ ನೇರ ಬಿಟ್ಟೊಂದನ್ನು ಚಕ್ಕಿಗೆ ಬಿಗಿದು, ಬೆರಳನ್ನು ಮೆಲ್ಲಗೆ ಒತ್ತಿ, ಯಂತ್ರ ಅತಿ ನಿಧಾನದ ಸುತ್ತಿನಲ್ಲಿಯೂ ಮುಗ್ಗರಿಸದೆ ತಿರುಗುತ್ತದೆಯೇ, ಬಿಟ್ಟಿನ ತುದಿ ಒಂದೇ ಚುಕ್ಕೆಯಂತೆ ಕಾಣುತ್ತದೆಯೇ ಇಲ್ಲವೇ ಗಾಳಿಯಲ್ಲಿ ಸಣ್ಣ ಉಂಗುರ ಬರೆಯುತ್ತದೆಯೇ ಎಂದು ನೋಡಿ. ಉಂಗುರ ಬರೆಯುವ ಚಕ್ಕಿನ ಡ್ರಿಲ್ ಎಷ್ಟು ವೋಲ್ಟಿನದಾದರೂ ಅಲ್ಲಿಯೇ ಬಿಟ್ಟುಬನ್ನಿ.