ಅಂಗಡಿ ಮುಚ್ಚಿಸಿದ ದಿನವೇ ಬಾಡಿಗೆಯ ಮಾತೂ ಆಗಬೇಕು

ಪ್ರಶ್ನೆ: ಕೋವಿಡ್ ಕಾಲದಲ್ಲಿ ಲಾಕ್‌ಡೌನ್ ಮಾಡಿದ್ದರಿಂದಲೇ ನಮ್ಮಂಥವರ ದುಡಿಮೆ ನೆಲಕಚ್ಚಿತು. ಮಾಡದೇ ಇದ್ದಿದ್ದರೆ ಹೇಗೋ ಹೊಟ್ಟೆಪಾಡು ನಡೆಯುತ್ತಿತ್ತು. ಇನ್ನೊಮ್ಮೆ ಇಂಥ ಕಾಯಿಲೆ ಬಂದರೆ ಸರ್ಕಾರ ಜೀವ ನೋಡಬೇಕೋ, ಜೀವನ ನೋಡಬೇಕೋ?
– ಕ್ಷೌರದಂಗಡಿ ನಡೆಸುವ ಓದುಗರು, ಕಾಮಾಕ್ಷಿಪಾಳ್ಯ

ಉತ್ತರ: ಬೆಂಗಳೂರಿನಲ್ಲಿ ಆಟೊ ಓಡಿಸುವವರಿಂದ ಹಿಡಿದು ಹೋಟೆಲ್ ಮಾಲೀಕರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಪ್ರಶ್ನೆಯ ಮೊದಲ ಭಾಗವನ್ನು ನಾನು ಪೂರ್ತಿ ಒಪ್ಪುವುದಿಲ್ಲ.

2021ರ ಏಪ್ರಿಲ್ ಕೊನೆಯನ್ನು ನೆನಪಿಸಿಕೊಳ್ಳಿ. ಬೆಂಗಳೂರೊಂದರಲ್ಲೇ ದಿನಕ್ಕೆ 20,000ಕ್ಕೂ ಹೆಚ್ಚು ಜನರಿಗೆ ಸೋಂಕು ದೃಢಪಡುತ್ತಿತ್ತು. ಹಾಸಿಗೆ ಸಿಗುತ್ತಿರಲಿಲ್ಲ, ಆಮ್ಲಜನಕಕ್ಕೆ ಪರದಾಟ, ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು. ಅಂಥ ಹೊತ್ತಿನಲ್ಲಿ ಅಂಗಡಿ ತೆರೆದಿದ್ದರೂ ನಿಮ್ಮ ಕುರ್ಚಿಯಲ್ಲಿ ಬಂದು ಕೂರುವವರು ಎಷ್ಟು ಮಂದಿ? ಅಮೆರಿಕದ ಅರ್ಥಶಾಸ್ತ್ರಜ್ಞರಾದ ಆಸ್ಟನ್ ಗೂಲ್ಸ್‌ಬೀ ಮತ್ತು ಚಾಡ್ ಸೈವರ್ಸನ್ 2020ರಲ್ಲಿ ಮೊಬೈಲ್ ದತ್ತಾಂಶ ಹಿಡಿದು ಇದನ್ನೇ ಲೆಕ್ಕ ಹಾಕಿದರು. ಅಲ್ಲಿ ಗ್ರಾಹಕರ ಓಡಾಟ ಶೇ 60ರಷ್ಟು ಕುಸಿದಿತ್ತು. ಆ 60 ಅಂಶಗಳಲ್ಲಿ ಸರ್ಕಾರದ ಆದೇಶದಿಂದ ಆದದ್ದು ಕೇವಲ 7. ಮಿಕ್ಕಿದ್ದಕ್ಕೆಲ್ಲ ಬಹುಪಾಲು ಜನರ ಭಯವೇ ಕಾರಣ. ಡೆನ್ಮಾರ್ಕ್ ಬಾಗಿಲು ಹಾಕಿತು, ಪಕ್ಕದ ಸ್ವೀಡನ್ ಹೆಚ್ಚಾಗಿ ತೆರೆದೇ ಇತ್ತು. ಒಂದೇ ಬ್ಯಾಂಕಿನ ಗ್ರಾಹಕರ ಖರ್ಚನ್ನು ಹೋಲಿಸಿದಾಗ ಡೆನ್ಮಾರ್ಕ್‌ನಲ್ಲಿ ಶೇ 29, ಸ್ವೀಡನ್‌ನಲ್ಲಿ ಶೇ 25 ಇಳಿಕೆ ಕಂಡಿತು. ಅಂದರೆ ಕಾಯಿಲೆ ಹಬ್ಬುತ್ತಿರುವಾಗ ಬಾಗಿಲು ತೆರೆದಿದ್ದರೂ ವ್ಯಾಪಾರಕ್ಕೆ ಪೆಟ್ಟು ತಪ್ಪುವುದಿಲ್ಲ.

ಹಾಗೆಂದು ಶ್ರೀಮಂತ ದೇಶಗಳ ಈ ಲೆಕ್ಕವನ್ನು ನಮ್ಮ 2020ರ ಮಾರ್ಚ್‌ಗೆ ಹಾಗೇ ಹೊಂದಿಸಲಾಗದು. ರಾತ್ರಿ ಎಂಟಕ್ಕೆ ಘೋಷಿಸಿ, ನಾಲ್ಕೇ ಗಂಟೆಯಲ್ಲಿ ಅಂಗಡಿ, ಓಡಾಟ, ಕೆಲಸ ಎಲ್ಲವನ್ನೂ ನಿಲ್ಲಿಸಿದ ಲಾಕ್‌ಡೌನ್ ಅದು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಸುಮಾರು ಶೇ 24ರಷ್ಟು ಕುಗ್ಗಿತು. ಅದರಲ್ಲಿ ಆದೇಶದ ಪಾಲು ದೊಡ್ಡದೇ ಇತ್ತೆಂದು ನಾನು ನಂಬುತ್ತೇನೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಜೀವವೋ ಜೀವನವೋ ಎಂದು ಎರಡನ್ನೂ ತಕ್ಕಡಿಗೆ ಹಾಕಿದ್ದೇ ಎಲ್ಲರೂ ಮಾಡಿದ ತಪ್ಪು. ಸಂಜೆ ಅಕ್ಕಿ ತರಲು ಆ ದಿನದ ಕೂಲಿಯೇ ಬೇಕಾದವನು ಜ್ವರ ಬಂದರೂ ಮನೆಯಲ್ಲಿ ಕೂರಲಾರ. ಪರೀಕ್ಷೆ ಮಾಡಿಸಿಕೊಂಡರೆ ಹದಿನಾಲ್ಕು ದಿನ ಮನೆಯಲ್ಲಿ ಕೂಡಿಹಾಕುತ್ತಾರೆಂದು ಗೊತ್ತಾದರೆ ಪರೀಕ್ಷೆಗೇ ಹೋಗುವುದಿಲ್ಲ, ಕೆಮ್ಮನ್ನು ನುಂಗಿಕೊಂಡು ಕೆಲಸಕ್ಕೆ ಬರುತ್ತಾನೆ. ಅವನ ಕೈಗೆ ಹಣ ತಲುಪಿಸುವುದು ದಾನವಲ್ಲ. ಮಾಸ್ಕ್, ಹಾಸಿಗೆ, ಲಸಿಕೆಗಳಂತೆಯೇ ರೋಗ ತಡೆಯುವ ಕ್ರಮ. ಆ ಹಣವಿಲ್ಲದ ನಿರ್ಬಂಧ ಕಾಗದದ ಮೇಲಷ್ಟೇ ಉಳಿಯುತ್ತದೆ.

ಈ ದೃಷ್ಟಿಯಿಂದ ದಿನಾಂಕಗಳನ್ನು ನೋಡಿ. ಲಾಕ್‌ಡೌನ್ ಶುರುವಾದದ್ದು 2020ರ ಮಾರ್ಚ್ 25ಕ್ಕೆ. ಕೇಂದ್ರ ಮರುದಿನವೇ ಉಚಿತ ಧಾನ್ಯ ಮತ್ತು ಜನಧನ್ ಖಾತೆಯ ಮಹಿಳೆಯರಿಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳ ನೆರವು ಪ್ರಕಟಿಸಿತು, ಅಷ್ಟರಮಟ್ಟಿಗೆ ಮೆಚ್ಚಬೇಕು. ಆದರೆ ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಎಂದು ರಾಜ್ಯ ಸರ್ಕಾರ 1,610 ಕೋಟಿಯ ಪ್ಯಾಕೇಜ್ ಘೋಷಿಸಿದ್ದು ಮೇ 6ಕ್ಕೆ. ನಡುವೆ 42 ದಿನ. 2021ರಲ್ಲಿ ಏಪ್ರಿಲ್ 27ರ ರಾತ್ರಿ ಕರ್ಫ್ಯೂ ಬಂತು, 1,250 ಕೋಟಿಯ ಪ್ಯಾಕೇಜ್ ಬಂದದ್ದು ಮೇ 19ಕ್ಕೆ. ಅಂತರ ಅರ್ಧದಷ್ಟು ಇಳಿಯಿತು, ಆದರೂ ಮೂರು ವಾರ. ಇವು ಘೋಷಣೆಯ ದಿನಗಳು ಮಾತ್ರ. ಹಣ ಖಾತೆಗೆ ಬೀಳುವುದು ಇನ್ನೂ ಆಚೆಯ ಮಾತು.

ಇನ್ನೊಂದು ಲೆಕ್ಕ ನನ್ನನ್ನು ಇವತ್ತಿಗೂ ಕಾಡುತ್ತದೆ. 2020ರ ಪ್ಯಾಕೇಜ್ 7,75,000 ಆಟೊ, ಟ್ಯಾಕ್ಸಿ ಚಾಲಕರಿಗೆ ಎಂದಿತು. ಮರುವರ್ಷದ ಪ್ಯಾಕೇಜ್‌ನಲ್ಲಿ ಅದೇ ಕಸುಬಿನವರ ಸಂಖ್ಯೆ 2,10,000. ಚಾಲಕರು ಎಲ್ಲಿಗೂ ಹೋಗಿರಲಿಲ್ಲ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಲೈಸೆನ್ಸ್, ಬ್ಯಾಡ್ಜ್, ವಾಹನದ ದಾಖಲೆ, ಆಧಾರ್ ಜೋಡಿಸಿದ ಖಾತೆ ಎಲ್ಲವೂ ಹೊಂದಿಕೆಯಾದವರು ಪಟ್ಟಿಯಲ್ಲಿ ಉಳಿದರು, ಬೇರೆಯವರ ಗಾಡಿಯನ್ನು ದಿನಬಾಡಿಗೆಗೆ ಓಡಿಸುವವರಂಥವರು ಹೊರಗೇ ನಿಂತರು. ನೆರವಿನ ಮೊತ್ತ ಎಷ್ಟೆಂಬುದಕ್ಕಿಂತ ಪಟ್ಟಿ ಯಾರ ಬಳಿ ಇದೆ, ಅದನ್ನು ಯಾವಾಗ ಮಾಡಿದರು ಎಂಬುದೇ ದೊಡ್ಡ ಪ್ರಶ್ನೆ. ಬ್ರಿಟನ್ ಸಂಬಳದ ಶೇ 80ರಷ್ಟನ್ನು ತಾನೇ ಕೊಡಲು ಸಾಧ್ಯವಾದದ್ದು ಅಲ್ಲಿ ಪ್ರತಿ ಕೆಲಸಗಾರನ ಸಂಬಳದ ದಾಖಲೆ ತೆರಿಗೆ ಇಲಾಖೆಯಲ್ಲಿ ಮೊದಲೇ ಇದ್ದುದರಿಂದ. ನಿಮ್ಮ ಅಂಗಡಿಯಲ್ಲಿ ಪಾಲಿನ ಲೆಕ್ಕದ ಮೇಲೆ ಕತ್ತರಿ ಹಿಡಿಯುವ ಹುಡುಗನ ಹೆಸರು ಯಾವ ಕಾಗದದಲ್ಲಿದೆ?

ಬಾಡಿಗೆಯದು ಬೆಂಗಳೂರಿನದೇ ಆದ ಕಥೆ. ಇಲ್ಲಿ ಮಳಿಗೆ ಹಿಡಿಯಬೇಕೆಂದರೆ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಎಣಿಸುವುದು ಸಾಮಾನ್ಯ. ಅಂಗಡಿ ಮುಚ್ಚಿದ್ದಾಗ ಅನೇಕ ಮಾಲೀಕರು ಜಗಳವಾಡಲಿಲ್ಲ, ಅಡ್ವಾನ್ಸ್‌ನಲ್ಲೇ ಮುರಿದುಕೊಂಡರು. ಮೇಲ್ನೋಟಕ್ಕೆ ಸೌಜನ್ಯ. ಆದರೆ ಸಾಲ ಮಾಡಿ, ಚೀಟಿ ಎತ್ತಿ ಕೂಡಿಸಿದ ಆ ಇಡುಗಂಟೇ ಕಸುಬುದಾರನ ಏಕೈಕ ಬಂಡವಾಳ. ಎರಡು ತಿಂಗಳ ಮುಚ್ಚುಗಡೆಯಲ್ಲಿ ಅದರ ಐದನೇ ಒಂದು ಭಾಗ ಕರಗಿತು. ಬಾಗಿಲು ತೆರೆದ ಮೇಲೆ ಅದನ್ನು ಮತ್ತೆ ತುಂಬಿಕೊಡಬೇಕಾಯಿತು. 5,000 ರೂಪಾಯಿ ಇದರ ಮುಂದೆ ಯಾವ ಮೂಲೆಗೆ? ಕಾರ್ಮಿಕರಿಂದ ಒಂದು ತಿಂಗಳು ಮನೆ ಬಾಡಿಗೆ ಕೇಳಬೇಡಿ ಎಂದು ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು ಆದೇಶಿಸಿತು. ಮನೆ ಮಾಲೀಕನಿಗೂ ಏನಾದರೂ ಸಿಗದೇ ಇಂಥ ಆದೇಶ ನಿಲ್ಲುವುದಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ಆ ಬಾಡಿಗೆಯೇ ಪಿಂಚಣಿ. ಸಾಲದ ಕಂತಿಗೆ ರಿಸರ್ವ್ ಬ್ಯಾಂಕ್ ಆಗಸ್ಟ್ 31ರವರೆಗೆ ವಿನಾಯಿತಿ ಕೊಟ್ಟರೂ ಬಡ್ಡಿ ಬೆಳೆಯುತ್ತಲೇ ಇತ್ತು.

ನಿರ್ಬಂಧಗಳೂ ಎಲ್ಲ ಒಂದೇ ತರದವಲ್ಲ. 2021ರಲ್ಲಿ ಕರ್ಫ್ಯೂ ಶುರುವಾದಾಗ ದಿನಸಿ, ತರಕಾರಿಗೆ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿತ್ತು. ಇಡೀ ದಿನ ಹಂಚಿಹೋಗುತ್ತಿದ್ದ ಜನ ಆ ನಾಲ್ಕು ಗಂಟೆಯಲ್ಲೇ ಮಾರುಕಟ್ಟೆಗೆ ಮುಗಿಬಿದ್ದರು. ರೋಗ ಗಾಳಿಯಲ್ಲಿ ಹರಡುವಾಗ ಸಮಯ ಕಡಿತ ಮಾಡುವುದು ಗುಂಪು ಸೇರಿಸುವುದಕ್ಕೇ ದಾರಿ. ತಳ್ಳುಗಾಡಿಯವರನ್ನು ಮೊದಲ ದಿನದಿಂದಲೇ ಬೀದಿಬೀದಿಗೆ ಬಿಟ್ಟಿದ್ದರೆ ಗುಂಪೂ ಕರಗುತ್ತಿತ್ತು, ಅವರ ದುಡಿಮೆಯೂ ಉಳಿಯುತ್ತಿತ್ತು. ಅದಕ್ಕೆ ಹೋಲಿಸಿದರೆ 2022ರ ಜನವರಿಯ ನಿರ್ಧಾರ ವಾಸಿ. ಒಮಿಕ್ರಾನ್ ಅಲೆಯಲ್ಲಿ ಆಸ್ಪತ್ರೆ ಸೇರುವವರ ಪ್ರಮಾಣ ಕಡಿಮೆ ಎಂದು ಕಂಡೊಡನೆ ವಾರಾಂತ್ಯದ ಕರ್ಫ್ಯೂವನ್ನು 21ರಂದು ಕೈಬಿಟ್ಟರು. ಎಷ್ಟು ಹಾಸಿಗೆ ತುಂಬಿದರೆ ಏನು ಮುಚ್ಚುತ್ತೇವೆ, ಎಷ್ಟಕ್ಕೆ ಇಳಿದರೆ ತೆರೆಯುತ್ತೇವೆ ಎಂದು ಮೊದಲೇ ಹೇಳಿದರೆ ವ್ಯಾಪಾರಿ ಸರಕು ತರಿಸುವುದೋ ಬೇಡವೋ ಎಂದಾದರೂ ತೀರ್ಮಾನಿಸಬಲ್ಲ.

ಹಣ ಎಲ್ಲಿಂದ ಎಂದು ಕೇಳುವವರಿದ್ದಾರೆ. ಸರ್ಕಾರ ಸಾಲ ತರಬೇಕು, ಬೇರೆ ಉಪಾಯವಿಲ್ಲ. ದುಡಿಯುವವನು ಬಡ್ಡಿಗೆ ತರುವುದಕ್ಕಿಂತ ಸರ್ಕಾರ ತರುವುದು ಅಗ್ಗ.

ಹಾಗಾಗಿ ಇನ್ನೊಮ್ಮೆ ಮುಚ್ಚಬೇಕಾಗಿ ಬಂದರೆ ನಾನು ಕೇಳುವುದು ಇಷ್ಟು: ಮುಚ್ಚುವ ಆದೇಶದ ಹಾಳೆಯಲ್ಲೇ ಯಾರಿಗೆ ಎಷ್ಟು, ಯಾವ ದಿನ ಹಣ ಎಂಬುದೂ ಇರಬೇಕು. ಅದಕ್ಕೆ ಪಟ್ಟಿ ಈಗಲೇ, ಕಾಯಿಲೆ ಇಲ್ಲದ ಕಾಲದಲ್ಲೇ ತಯಾರಾಗಬೇಕು. 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ನೋಂದಣಿ 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರಿಗೆ ಉಚಿತ. ನಿಮಗೂ, ನಿಮ್ಮ ಅಂಗಡಿಯ ಹುಡುಗರಿಗೂ ಅನ್ವಯಿಸುತ್ತದೆ. ಆಧಾರ್ ಸಂಖ್ಯೆ, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಖಾತೆ ಇದ್ದರೆ ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಮಾಡಿಸಬಹುದು. ಮನೆಯಲ್ಲಿ ಕಟ್ಟಡ ಕೆಲಸದವರಿದ್ದರೆ ಅವರ ಕಾರ್ಮಿಕ ಕಲ್ಯಾಣ ಮಂಡಳಿಯ ಕಾರ್ಡ್ ನವೀಕರಣವಾಗಿದೆಯೇ ಎಂಬುದನ್ನೂ ಈ ವಾರವೇ ನೋಡಿಸಿ.