ಫೀಲ್ಡ್ ಸೊನ್ನೆ ಮಾಡಿದ್ರೂ ಸುಳಿ ಹೋಗ್ತಿಲ್ಲ, ನನ್ನ ಕೋಡ್ ತಪ್ಪಾ?

ಪ್ರಶ್ನೆ: "ಗಿಂಜ್‌ಬರ್ಗ್-ಲ್ಯಾಂಡೌ (ಸೂಪರ್‌ಕಂಡಕ್ಟರ್ ವರ್ತನೆ ಲೆಕ್ಕ ಹಾಕೋ ಸಮೀಕರಣ) ಸಿಮ್ಯುಲೇಷನ್‌ನಲ್ಲಿ ಫೀಲ್ಡ್, ಅಂದ್ರೆ ಕಾಂತಕ್ಷೇತ್ರ, ಏರಿಸಿ ವಾಪಸ್ ಸೊನ್ನೆಗೆ ಇಳಿಸಿದೆ. ಆದ್ರೂ ಒಳಗೆ ಹತ್ತಿಪ್ಪತ್ತು ವೋರ್ಟೆಕ್ಸ್ (ಒಳಗೆ ನುಗ್ಗಿದ ಫೀಲ್ಡಿನ ಸುಳಿಗಳು) ಹಾಗೇ ಕೂತಿವೆ. ಸೂಪರ್‌ಕಂಡಕ್ಟರ್ ಅಂದ್ರೆ ಫೀಲ್ಡನ್ನ ಪೂರ್ತಿ ಹೊರಗೆ ತಳ್ಳಬೇಕಲ್ವಾ? ಬಗ್ ಎಲ್ಲಿದೆ?"

ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎಷ್ಟು ಸಲ ಬಂದಿದೆಯೋ, ನಾನು ಲೆಕ್ಕ ಇಡೋದು ಬಿಟ್ಟು ತುಂಬಾ ದಿನ ಆಯ್ತು. ಚಿಕ್ಕ ಉತ್ತರ: ಮಾಡೆಲ್‌ನಲ್ಲಿ ಪಿನ್ನಿಂಗ್ ಜಾಗಗಳನ್ನ (ಸುಳಿಗಳು ಸಿಕ್ಕಿಹಾಕ್ಕೊಳ್ಳೋ ದೋಷಗಳು) ಇಟ್ಟಿದ್ರೆ ಬಗ್ ಅಲ್ಲ, ಸುಳಿಗಳು ಉಳೀಲೇಬೇಕು. ಇಟ್ಟಿಲ್ಲ ಅಂದ್ರೆ ಅನುಮಾನ ಪಡಿ, ಅದಕ್ಕೆ ಆಮೇಲೆ ಬರ್ತೀನಿ.

ಮೊದ್ಲು ಆ "ಪೂರ್ತಿ ಹೊರಗೆ ತಳ್ಳಬೇಕಲ್ವಾ" ಅನ್ನೋದನ್ನ ನೋಡೋಣ. ಸೂಪರ್‌ಕಂಡಕ್ಟರ್ ಗುಂಡಿನ ಸುತ್ತ ಫೀಲ್ಡ್ ಗೆರೆಗಳು ಬಳಸ್ಕೊಂಡು ಹೋಗೋ ಚಿತ್ರ ಇದ್ಯಲ್ಲ, ಅದು ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ 1933ರಲ್ಲಿ ಸೀಸ, ತವರದಲ್ಲಿ ಕಂಡ ವಿಷ್ಯ. ಸುಳ್ಳಲ್ಲ, ಆದ್ರೆ ಅರ್ಧ ಕಥೆ. ಟೈಪ್-2 ಅನ್ನೋ ಗುಂಪಿನ ಸೂಪರ್‌ಕಂಡಕ್ಟರ್‌ಗಳಲ್ಲಿ ಫೀಲ್ಡಿಗೆ ಎರಡು ಮಿತಿ ಇರತ್ತೆ. ಕೆಳಗಿನ ಮಿತಿ ದಾಟಿದ ಮೇಲೆ ಫೀಲ್ಡ್ ಒಳಗೆ ಬರತ್ತೆ, ಆದ್ರೆ ಸಣ್ಣ ಸಣ್ಣ ಸುಳಿಗಳಾಗಿ, ಒಂದೊಂದು ಸುಳಿಯೂ 2.07×10⁻¹⁵ ವೆಬರ್‌ನಷ್ಟೇ ಫ್ಲಕ್ಸ್ ಹೊತ್ಕೊಂಡು. ಭೌತವಿಜ್ಞಾನಿ ಅಬ್ರಿಕೊಸೊವ್ ಇದನ್ನ 1957ರಲ್ಲೇ ಬರೆದಾಗಿತ್ತು, 1967ರಲ್ಲಿ ಎಸ್‌ಮನ್ ಮತ್ತು ಟ್ರಾಯ್ಬ್ಲೆ ಅನ್ನೋರು ಮೇಲ್ಮೈ ಮೇಲೆ ಸಣ್ಣ ಕಾಂತೀಯ ಕಣಗಳನ್ನ ಕೂರಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಫೋಟೋನೂ ತೆಗೆದ್ರು, 2003ರಲ್ಲಿ ಅಬ್ರಿಕೊಸೊವ್‌ಗೆ ನೊಬೆಲ್ಲೂ ಬಂತು. ಆದ್ರೂ ನಮ್ ತಲೇಲಿ ಇನ್ನೂ ಆ ಗುಂಡಿನ ಚಿತ್ರಾನೇ.

ಎಂಆರ್‌ಐ ಮ್ಯಾಗ್ನೆಟ್ ತಗೊಳ್ಳಿ. 1.5 ಟೆಸ್ಲಾ ಫೀಲ್ಡಲ್ಲಿರೋ ನಿಯೋಬಿಯಂ-ಟೈಟೇನಿಯಂ ತಂತಿ ಒಳಗೆ ಸುಳಿಗಳು ಸುಮಾರು 40 ನ್ಯಾನೋಮೀಟರ್‌ಗೊಂದರಂತೆ ಒತ್ತೊತ್ತಾಗಿ ನಿಂತಿರ್ತವೆ. ಫೀಲ್ಡನ್ನ ಪೂರ್ತಿ ಹೊರಗೆ ತಳ್ಳೋದೇ ಸೂಪರ್‌ಕಂಡಕ್ಟರ್ ಕೆಲ್ಸ ಆಗಿದ್ರೆ ಆ ಮೆಷಿನ್ನೇ ಇರ್ತಿರ್ಲಿಲ್ಲ. ತೇಲೋ ಮ್ಯಾಗ್ನೆಟ್ ವಿಡಿಯೋ ಎಲ್ರೂ ನೋಡಿರ್ತೀರಾ, ಡಿಸ್ಕನ್ನ ತಲೆಕೆಳಗೆ ಹಿಡಿದ್ರೂ ಬೀಳಲ್ಲ. ಬರೀ ತಳ್ಳೋದಾಗಿದ್ರೆ ಜಾರಿ ಬೀಳ್ಬೇಕಿತ್ತು ತಾನೇ? ವಸ್ತುವಿನ ದೋಷಗಳಲ್ಲಿ ಸಿಕ್ಕಿಹಾಕ್ಕೊಂಡ ಸುಳಿಗಳೇ ಅದನ್ನ ಹಿಡ್ಕೊಂಡಿರೋದು. 2014ರಲ್ಲಿ ಕೇಂಬ್ರಿಜ್‌ನವರು ಇಂಥ ಗಟ್ಟಿಗಳಲ್ಲಿ 26 ಕೆಲ್ವಿನ್‌ನಲ್ಲಿ 17.6 ಟೆಸ್ಲಾ ಹಿಡಿದಿಟ್ರು, ಅದೂ ಹೊರಗಿನ ಫೀಲ್ಡ್ ತೆಗೆದ ಮೇಲೆ ಉಳಿದದ್ದು. ಹಾಗಾಗಿ ನಿಮ್ಮ ಹತ್ತಿಪ್ಪತ್ತು ವೋರ್ಟೆಕ್ಸ್ ನೋಡಿ ಗಾಬರಿ ಆಗ್ಬೇಡಿ.

ಈಗ ಪಿನ್ನಿಂಗ್ ಇಲ್ದೇನೂ ಉಳಿದಿದ್ರೆ. ಸುಳಿ ಹುಟ್ಟೋದೂ ಅಂಚಲ್ಲೇ, ಹೋಗೋದೂ ಅಂಚಿಂದಾನೇ. ಮಧ್ಯದಲ್ಲಿರೋದಕ್ಕೆ ಅಂಚಿನ ಸೆಳೆತ ತುಂಬಾ ಕಮ್ಮಿ, ಸೊನ್ನೆ ಮಾಡಿದ ತಕ್ಷಣ ಸಿಮ್ಯುಲೇಷನ್ ನಿಲ್ಲಿಸಿದ್ರೆ ಪಾಪ ಅದಕ್ಕೆ ಆಚೆ ಹೋಗೋಕೆ ಟೈಮೇ ಸಿಕ್ಕಿರಲ್ಲ. ಕಾದ್ರೂ ಹೋಗ್ಲಿಲ್ಲ ಅಂದ್ರೆ ಮೆಶ್, ಅಂದ್ರೆ ಲೆಕ್ಕ ಹಾಕೋ ಪಾಯಿಂಟ್‌ಗಳ ಗ್ರಿಡ್, ನೋಡಿ. ಸುಳಿಯ ತಿರುಳು ಕೊಹಿರೆನ್ಸ್ ಲೆಂಗ್ತ್‌ನಷ್ಟೇ (ಸೂಪರ್‌ಕಂಡಕ್ಟಿವಿಟಿ ಬದಲಾಗೋಕೆ ಬೇಕಾದ ದೂರ) ಅಗಲ, ಗ್ರಿಡ್ ಅದಕ್ಕಿಂತ ದಪ್ಪ ಇದ್ರೆ ತಿರುಳು ಎರಡು ಪಾಯಿಂಟ್ ನಡುವೆ ಬಿದ್ದು ಅಲ್ಲೇ ಕೂತುಬಿಡತ್ತೆ. ನಾನೇ ಒಂದ್ಸಲ ಎರಡು ವಾರ ಹೀಗೆ ಮೋಸ ಹೋಗಿದ್ದೆ. ತ್ರಿಕೋನ ಜಾಲ ಬರಬೇಕಾದಲ್ಲಿ ಸುಳಿಗಳು ನೀಟಾಗಿ ಚೌಕಚೌಕವಾಗಿ ನಿಂತಿದ್ವು, ಏನೋ ಹೊಸದು ಸಿಕ್ತು ಅಂತ ಖುಷಿ ಬೇರೆ. ಕೊನೆಗೆ ಗ್ರಿಡ್ಡನ್ನ 30 ಡಿಗ್ರಿ ತಿರುಗಿಸಿದೆ, ಚೌಕಗಳೂ ಜೊತೆಗೆ ತಿರುಗಿದ್ವು. ಮುಗೀತು. ಕೊಹಿರೆನ್ಸ್ ಲೆಂಗ್ತ್‌ನ ಅರ್ಧಕ್ಕಿಂತ ಸಣ್ಣ ಗ್ರಿಡ್ ಇಡಿ. ಮತ್ತೆ ಚಿತ್ರದಲ್ಲಿ ಕಪ್ಪು ಚುಕ್ಕೆ ಎಣಿಸ್ಬೇಡಿ, ಚುಕ್ಕೆ ಸುತ್ತ ಒಂದು ಸುತ್ತು ಹಾಕಿ ಫೇಸ್ (ಸಮೀಕರಣದ ಉತ್ತರದಲ್ಲಿರೋ ಕೋನ) 2π ಬದಲಾಗತ್ತಾ ನೋಡಿ.

ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಫೀಲ್ಡನ್ನ ಎಷ್ಟು ಸ್ಪೀಡಲ್ಲಿ ಬದಲಾಯಿಸ್ತಿದೀರಾ ಅಂತ ಯೋಚ್ನೆ ಮಾಡಿದೀರಾ? ಸೂಪರ್‌ಕಂಡಕ್ಟಿವಿಟಿ ಶುರುವಾಗೋ ಟ್ರಾನ್ಸಿಷನ್ ತಾಪಮಾನಕ್ಕಿಂತ 1 ಕೆಲ್ವಿನ್ ಕೆಳಗೆ ಈ ಸಮೀಕರಣದ ಸಹಜ ಟೈಮ್, ಅಂದ್ರೆ ಸಿಮ್ಯುಲೇಷನ್‌ನ ಒಂದು ಯೂನಿಟ್, ಸುಮಾರು 3 ಪಿಕೋಸೆಕೆಂಡ್. ಲ್ಯಾಬಲ್ಲಿ ಒಂದು ಸೆಕೆಂಡ್ ತಗೊಳ್ಳೋ ಬದಲಾವಣೆ ಅಂದ್ರೆ ಸುಮಾರು 33,000 ಕೋಟಿ ಯೂನಿಟ್, ಯಾವ ಜಿಪಿಯುನೂ ಅಷ್ಟು ಓಡಿಸಲ್ಲ. ನೀವು 10,000 ಯೂನಿಟ್‌ನಲ್ಲಿ 0.1 ಟೆಸ್ಲಾ ಏರಿಸಿದ್ರೆ ಅದು ಸೆಕೆಂಡಿಗೆ 33 ಲಕ್ಷ ಟೆಸ್ಲಾ ಲೆಕ್ಕ! ಅಂಚಿನಲ್ಲಿರೋ ತಡೆ ದಾಟೋಕೂ ಟೈಮ್ ಬೇಕು, ಅಷ್ಟರಲ್ಲಿ ಫೀಲ್ಡ್ ಎಲ್ಲೋ ಹೋಗಿರತ್ತೆ, ಸುಳಿಗಳು ಲೇಟಾಗಿ ಬರ್ತವೆ ಲೇಟಾಗಿ ಹೋಗ್ತವೆ, ಹಿಸ್ಟೆರಿಸಿಸ್ ಲೂಪ್ (ಫೀಲ್ಡ್ ಏರಿಸುವಾಗ, ಇಳಿಸುವಾಗ ಬೇರೆ ಬೇರೆ ದಾರಿ ಹಿಡಿಯೋ ಗ್ರಾಫ್) ದಪ್ಪಗಾಗತ್ತೆ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಫೀಲ್ಡ್ ಸ್ವಲ್ಪ ಬದಲಿಸಿ ನಿಲ್ಲಿಸಿ, ಸುಳಿಗಳ ಎಣಿಕೆ ಬದಲಾಗೋದು ನಿಂತ ಮೇಲೆ ಮುಂದಿನ ಮೆಟ್ಟಿಲು. ಹಾಗೇ ಅದೇ ಲೂಪನ್ನ ಅರ್ಧ ಸ್ಪೀಡಲ್ಲಿ ಇನ್ನೊಂದ್ಸಲ ಓಡಿಸಿ ನೋಡಿ, ತೆಳ್ಳಗಾದಷ್ಟು ಭಾಗ ಪಿನ್ನಿಂಗ್‌ದಲ್ಲ, ನಿಮ್ಮ ಅವಸರದ್ದು.